ಐದನೆಯ ಕೊಡ

ಕಸ್ತೂರಿ ತುಂಬಿಟ್ಟ ಕೊಡದ ನೀರನ್ನು ಮಲಕಾಜಪ್ಪ ಬೇವಿನ ಗಿಡದ ಬುಡಕ್ಕೆ ಚೆಲ್ಲಿದ.

ಅವಳು ಅಲ್ಲೇ ಕಟ್ಟೆಯ ಮೇಲೆ ಕೂತು ಬೂಟಿನ ದಾರ ಬಿಗಿಯುತ್ತಿದ್ದಳು. ನೀರಲ್ಲಿ ಕಸ ಬಿದ್ದಿರಬೇಕು ಅಂದುಕೊಂಡಳು. ಚೆಲ್ಲಿದವನು ಕೊಡವನ್ನು ನಲ್ಲಿಯ ಕೆಳಗೆ ಬೋರಲು ಹಾಕಿಕೊಂಡು ಕೂತ. ಹುಣಸೆಹಣ್ಣು ತಂದಿದ್ದ. ಬೂದಿ ತಂದಿದ್ದ. ಕಂಠ ತಿಕ್ಕಿದ, ಹೊಟ್ಟೆ ತಿಕ್ಕಿದ, ಒಳಗೆ ಕೈ ಹೋಗುವಷ್ಟು ದೂರ ತಿಕ್ಕಿದ. ಮಗ್ಗುಲಲ್ಲಿ ಇನ್ನೂ ನಾಲ್ಕು ಹಿತ್ತಾಳೆ ಕೊಡಗಳು ಸಾಲಾಗಿ ನಿಂತಿದ್ದವು. ಅವನ್ನೂ ಹುಡುಗಿಯರೇ ತುಂಬಿದ್ದರು. ಅವುಗಳ ಬಾಯಿಗೆ ಎಲೆ, ಮೇಲೆ ತೆಂಗಿನಕಾಯಿ. ಅವುಗಳನ್ನು ಅವನು ಮುಟ್ಟಲಿಲ್ಲ.

ಮಲಕಾಜಪ್ಪ ಕಾಲೇಜಿನ ಜವಾನ. ದಿನಾ ಮುಂಜಾನೆ ಗೇಟಿನಲ್ಲಿ, ಏನವಾ ಮಮದಾಪುರ, ಇವತ್ತೂ ಬಸ್ಸು ಕೈ ಕೊಡ್ತೇನು ಅಂತ ಅವಳನ್ನು ಊರ ಹೆಸರಿನಿಂದಲೇ ಕರೆದು ನಗಿಸುವ ಮನುಷ್ಯ. ಈಗ ತಲೆ ಎತ್ತಲಿಲ್ಲ. ಮತ್ತೆ ನೀರು ತುಂಬಿದ. ಹೊಸ ಎಲೆ ಇಟ್ಟ. ಹಳೆಯ ಎಲೆಗಳು ಗಿಡದ ಬುಡದಲ್ಲಿ ಕೆಸರಿಗೆ ಅಂಟಿಕೊಂಡು ಬಿದ್ದಿದ್ದವು. ಅವುಗಳನ್ನು ಜೋಡಿಸಿ ಇಟ್ಟವಳು ಕಸ್ತೂರಿ.

ಅವಳಿಗೆ ತಿಳಿಯಿತು. ಆದರೂ ತಿಳಿಯಲಿಲ್ಲ ಅನ್ನುವ ಹಾಗೆ ದಾರವನ್ನು ಬಿಚ್ಚಿ ಮತ್ತೊಮ್ಮೆ ಕಟ್ಟಿದಳು.

ವಿಜಯಪುರದಿಂದ ತಿಕೋಟಾ ಕಡೆ ಹೋಗುವ ರಸ್ತೆಯ ಮೇಲೆ ಈ ಕಾಲೇಜು. ಮೂರು ವರ್ಷದ ಹಿಂದೆ ಇಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಅನ್ನುವುದೇ ಇರಲಿಲ್ಲ. ಹಿಂದಿನ ಮಣ್ಣಿನ ಮೈದಾನದಲ್ಲಿ ಎರಡು ಕಬ್ಬಿಣದ ಕಂಬ, ಬಲೆ ಇಲ್ಲದ ಎರಡು ರಿಂಗು. ಹುಡುಗರ ವಾಲಿಬಾಲ್ ಮುಗಿದ ಮೇಲೆ ಬೆಳಕು ಎಷ್ಟು ಉಳಿದರೆ ಅಷ್ಟು ಹೊತ್ತು ಹುಡುಗಿಯರಿಗೆ. ಚೆಂಡು ಕಲ್ಲಿಗೆ ಬಡಿದು ಎತ್ತೆತ್ತಲೋ ಪುಟಿಯುತ್ತಿತ್ತು. ಮೊದಲ ಸಲ ಬಾಗಲಕೋಟೆಗೆ ಹೋಗಿ ಎಂಥಾ ಸೋಲು ಸೋತರೆಂದರೆ, ಕೊನೆಕೊನೆಗೆ ಎದುರಿನವರು ನಗುತ್ತ ಎಡಗೈಯಲ್ಲಿ ಆಡಿದರು. ಎರಡನೆಯ ಸಲ ಸೆಮಿಫೈನಲ್ ಕಂಡರು. ಹೋದ ಚಳಿಗಾಲದಲ್ಲಿ ವಲಯದ ಕಪ್ಪು ತಂದರು.

ಬುಟ್ಟಿಗೆ ಚೆಂಡು ಹಾಕುವವಳು ರಾಜೇಶ್ವರಿ. ಹೊನವಾಡದ ದ್ರಾಕ್ಷಿ ತೋಟದವರ ಮಗಳು, ತಂಡದ ನಾಯಕಿ, ಎತ್ತರದ ಆಳು. ಆದರೆ ಅವಳ ಕೈಗೆ ಚೆಂಡು ಮುಟ್ಟಬೇಕಲ್ಲ. ಎದುರಿನ ಐದು ಜನರ ನಡುವೆ ಪುಟಿಸುತ್ತ, ನುಸುಳುತ್ತ, ಈ ತುದಿಯಿಂದ ಆ ತುದಿಗೆ ಚೆಂಡು ಒಯ್ಯುವವಳು ಮಮದಾಪುರದ ಕಸ್ತೂರಿ ಮಾದರ. ಕಲ್ಲಿನ ಮೇಲೆ ಪುಟಿಸಿ ಕಲಿತ ಕೈ. ಅವಳ ಕೈಯಿಂದ ಚೆಂಡು ಕಸಿಯುವುದು ಸುಲಭವಿರಲಿಲ್ಲ.

ಕಪ್ಪು ಬಂದ ಮೇಲೆ ಆಡಳಿತ ಮಂಡಳಿಯ ಅಧ್ಯಕ್ಷ ಬಸಲಿಂಗಯ್ಯನವರಿಗೆ ಈ ತಂಡ ಕಣ್ಣಿಗೆ ಬಿತ್ತು. ಅವರದು ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜು. ತೀರಿಹೋದ ತಾಯಿ ಕಾಶಿಬಾಯಿಯವರ ಹೆಸರಿನಲ್ಲಿ ಕಾಂಕ್ರೀಟಿನ ಅಂಗಳ ಕಟ್ಟಿಸಿಕೊಡುತ್ತೇನೆ ಅಂದರು. ಬೇಸಿಗೆಯಲ್ಲಿ ಕೆಲಸ ನಡೆಯಿತು. ಕಸ್ತೂರಿಯೂ ಅವಳ ತಾಯಿ ದ್ಯಾಮವ್ವನೂ ಅದೇ ಕೆಲಸಕ್ಕೆ ಕೂಲಿಗೆ ಬಂದರು. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಹಸಿ ಕಾಂಕ್ರೀಟಿನ ಬುಟ್ಟಿ. ಸಿಮೆಂಟಿನ ನೀರು ಕಿವಿಯ ಹಿಂದೆ ಇಳಿಯುತ್ತಿತ್ತು. ಬೆರಳ ಸಂದು ಬಿರಿದು ಉಪ್ಪು ತಾಗಿದರೆ ಉರಿಯುತ್ತಿತ್ತು. ಸುಳ್ಳು ಹೇಳಬಾರದು, ಕಸ್ತೂರಿಯನ್ನು ಯಾರೂ ಬಲವಂತ ಮಾಡಿರಲಿಲ್ಲ. ಬೇರೆ ಕಡೆಯೂ ಕೂಲಿ ಇತ್ತು. ತಾನು ಆಡುವ ಅಂಗಳಕ್ಕೆ ತಾನೇ ಕಾಂಕ್ರೀಟು ಹೊರುತ್ತೇನೆ ಎಂಬ ಹುಚ್ಚು ಉಮೇದು ಅವಳದೇ. ಆಗ ಅವಳು ಹೊತ್ತ ಬುಟ್ಟಿಯನ್ನು ಯಾರೂ ಹುಣಸೆಹಣ್ಣು ಹಚ್ಚಿ ತಿಕ್ಕಿರಲಿಲ್ಲ.

ಇವತ್ತು ಆ ಅಂಗಳದ ಉದ್ಘಾಟನೆ. ಶಹರದ ಇನ್ನೊಂದು ಕಾಲೇಜಿನ ತಂಡದ ಜೊತೆ ಆಟ. ನೋಡಲು ವಿಶ್ವವಿದ್ಯಾಲಯದ ಆಯ್ಕೆ ಸಮಿತಿಯ ಮೇಡಂ ಬಂದಿದ್ದರು. ಕಸ್ತೂರಿಗೆ ಇದು ಕೊನೆಯ ವರ್ಷ. ವಿಶ್ವವಿದ್ಯಾಲಯದ ತಂಡಕ್ಕೆ ಹೆಸರು ಬಂದರೆ ಕ್ರೀಡಾ ಕೋಟಾದಲ್ಲಿ ಬಿ.ಪಿ.ಎಡ್. ಸೀಟು ಸಿಗುತ್ತದೆ. ಮುಂದೆ ಯಾವುದೋ ಶಾಲೆಯಲ್ಲಿ ಸೀಟಿ ಹಿಡಿದು ನಿಲ್ಲಬಹುದು. ಬರದಿದ್ದರೆ ಬರುವ ಬೇಸಿಗೆಗೆ ಮತ್ತೊಬ್ಬರ ಅಂಗಳಕ್ಕೆ ಕಾಂಕ್ರೀಟು. ಮೇಡಂ ಅರ್ಧ ಆಟ ನೋಡಿ ಜಮಖಂಡಿಗೆ ಹೋಗುವವರಿದ್ದರು. ಹಾಗಂತ ಹೇಳಿದವರು ತಂಡಕ್ಕೆ ಆಟ ಕಲಿಸಿದ ಹೇಮಂತ ಸರ್. ಮೊದಲ ಅರ್ಧದಾಗ ಜೀವಾ ಇಟ್ಟ ಆಡು ಅಂತ ಹಿಂದಿನ ದಿನವಷ್ಟೇ ಅವಳ ತಲೆಯ ಮೇಲೆ ಮೊಟಕಿದ್ದರು.

ಐದು ಕೊಡಗಳ ಯೋಚನೆ ಅಧ್ಯಕ್ಷರ ಮನೆಯದು. ತಂಡದ ಮೊದಲ ಐವರು ಐದು ತುಂಬಿದ ಕೊಡ ಹಿಡಿದು, ಬ್ಯಾಂಡಿನ ಹಿಂದೆ, ಗೇಟಿನಿಂದ ಅಂಗಳದ ನಡುವಿನ ವೃತ್ತದವರೆಗೆ ಬರಬೇಕು. ಪೂಜೆ ಮಾಡುವ ಐನೋರು ಆ ನೀರನ್ನು ನೆಲಕ್ಕೆ ಚಿಮುಕಿಸಬೇಕು. ಆಮೇಲೆ ಆ ಐವರೇ ಅಲ್ಲಿ ಆಟಕ್ಕೆ ನಿಲ್ಲಬೇಕು, ಅಧ್ಯಕ್ಷರು ಚೆಂಡು ಎಸೆಯಬೇಕು. ಹುಡುಗಿಯರು ಚಡ್ಡಿ ಹಾಕಿಕೊಂಡು ಕುಂಭ ಹಿಡಿದರೆ ಚಂದ ಕಾಣುವುದಿಲ್ಲವೆಂದು ಜೆರ್ಸಿಯ ಮೇಲೆ ಉದ್ದನೆಯ ದುಪ್ಪಟ್ಟಾ ಹೊದಿಸಿದ್ದರು. ಬಾಲ್ ಆಡಾಕ ಹೊಂಟೇವೋ ಲಗ್ನದ ಬಳಿ ಇಡಿಸ್ಕೊಳ್ಳಾಕ ಹೊಂಟೇವೋ ಎಂದು ಐವರಲ್ಲೊಬ್ಬಳಾದ ಅನುಜಾ ಎಲ್ಲರನ್ನೂ ನಗಿಸಿದ್ದಳು. ಕಸ್ತೂರಿಯೂ ನಕ್ಕಿದ್ದಳು. ನಕ್ಕು, ನಲ್ಲಿಗೆ ಹೋಗಿ ತನ್ನ ಕೊಡ ತುಂಬಿದ್ದಳು.

ಹೇಮಂತ ಸರ್ ಬೇವಿನ ಗಿಡದ ಹತ್ತಿರ ಬಂದಾಗ ಅವಳು ಎದ್ದು ನಿಂತಳು. ದೈಹಿಕ ಶಿಕ್ಷಣದ ಮಾಸ್ತರು ಅವರು. ಕೆಟ್ಟವರಲ್ಲ. ಅದೇ ಕಷ್ಟವಾಗಿತ್ತು. ಕಸ್ತೂರಿ ಚಡ್ಡಿ ಹಾಕುತ್ತಾಳೆಂದು ಮಮದಾಪುರದಲ್ಲಿ ಮಂದಿ ಆಡಿಕೊಂಡಾಗ ಬಬಲೇಶ್ವರದಲ್ಲಿ ಬಸ್ಸು ಬದಲಿಸಿ ಕೇರಿಯವರೆಗೆ ನಡೆದು ಬಂದು, ದ್ಯಾಮವ್ವನ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು ಒಪ್ಪಿಸಿದವರು. ಈಗ ಅವಳ ಹೆಗಲ ಆಚೆ ಎಲ್ಲೋ ನೋಡುತ್ತ ಮಾತಾಡಿದರು.

"ಇವತ್ತೊಂದಿನ ಹೊಂದ್ಕೊ, ಕಸ್ತೂರಿ. ಅವು ಅಧ್ಯಕ್ಷರ ಮನಿ ದೇವರ ಜಗಲಿ ಮ್ಯಾಲಿನ ಕೊಡ ನೋಡು. ತಿರುಗಿ ಜಗಲಿಗೇ ಹೊಕ್ಕಾವ. ಮನ್ಯಾಗಿನ ಹಿರೇರು ಏನೋ ಅಂದಾರಂತ. ನಿನ್ನ ಕೊಡ ಮೃಣಾಲ ಹಿಡೀತಾಳ."

ಕೊಡ ಬೇಡ ಅಂದಳು ಕಸ್ತೂರಿ. ಕೊಡ ಯಾರಿಗೆ ಬೇಕು. ಆಟ ಹೇಗೆ?

ಅವರು ಕೊರಳಲ್ಲಿದ್ದ ಸೀಟಿಯನ್ನು ಹಿಡಿದುಕೊಂಡರು. ಕೊಡ ಹಿಡಿದ ಐವರೇ ನಿಲ್ಲಬೇಕೆಂದು ಅಧ್ಯಕ್ಷರು ಹೇಳಿದ್ದಾರೆ, ಫೋಟೋದವರೂ ಬಂದಿದ್ದಾರೆ, ಮೊದಲರ್ಧ ಮೃಣಾಲ ಆಡಲಿ, ಆಮೇಲೆ ನಿನ್ನನ್ನೇ ಇಳಿಸುತ್ತೇನೆ ಎಂದರು.

"ಮೇಡಂ ಮೊದಲರ್ಧ ನೋಡಿ ಹೊಂಟಾರಲ್ಲರಿ ಸರ್. ನೀವ ಹೇಳೀರಿ."

ಅವರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡರು.

"ಯಾಕ ಸರ್? ನನ್ನ ಯಾಕ ಬಿಟ್ರಿ?"

"ಎಲ್ಲಾ ಬಾಯಿ ಬಿಟ್ಟ ಹೇಳಬೇಕೇನವಾ? ತಿಳೀತೈತಿ ನಿನಗ. ಶಾಣ್ಯಾ ಅದಿ."

ಶಾಣ್ಯಾ ಅದಿ. ಜಾಣೆ ಇದ್ದೀಯ. ಅಂದರೆ ನಿನ್ನ ಅವಮಾನವನ್ನು ನೀನೇ ಅರ್ಥ ಮಾಡಿಕೊಂಡು, ನೀನೇ ನುಂಗಿ, ನಮಗೆ ತೊಂದರೆ ಕೊಡದೆ ಪಕ್ಕಕ್ಕೆ ಸರಿ. ಅವರು ಅವಳ ಭುಜ ತಟ್ಟಿ ಮೈಕಿನ ಕಡೆ ಹೋದರು. ಇವತ್ತಿನ ನಿರೂಪಣೆಯೂ ಅವರದೇ.

ಅಂಗಳದ ಸುತ್ತ ಹಗ್ಗ ಕಟ್ಟಿದ್ದರು. ಹಗ್ಗದ ಆಚೆ ಬಿಸಿಲಲ್ಲಿ ದ್ಯಾಮವ್ವ ನಿಂತಿದ್ದಳು. ಮಗಳು ಆಡುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಇವತ್ತು ಮೊದಲ ಬಸ್ಸಿಗೆ ಬಂದಿದ್ದಳು, ಲಗ್ನಕ್ಕೆ ಉಡುವ ಸೀರೆ ಉಟ್ಟು, ಹೆಗಲಿಗೆ ರೊಟ್ಟಿಯ ಕೈಚೀಲ ಹಾಕಿಕೊಂಡು. ಕಸ್ತೂರಿ ಹತ್ತಿರ ಹೋದಳು. ಹೇಳುವುದೇನೂ ಉಳಿದಿರಲಿಲ್ಲ. ನಲ್ಲಿ ಅಲ್ಲಿಂದ ನೆಟ್ಟಗೆ ಕಾಣುತ್ತಿತ್ತು.

"ನೋಡಿದೆ," ಅಂದಳು ದ್ಯಾಮವ್ವ. "ಸುಮ್ಮನ ಬಾ. ಹನ್ನೆರಡರ ಬಸ್ಸಿಗೆ ಹೋಗೂಣು."

"ಆಟ ಐತಿ ಬೇ."

"ಯಾರದು?"

ತಾಯಿ ದನಿ ತಗ್ಗಿಸಿ, ಮಂದಿ ಕೂಡಿದಲ್ಲಿ ಬಾಯಿ ಮಾಡಬೇಡ, ನಾಳೆ ಇವರ ಮುಂದೆಯೇ ನಿಲ್ಲುವುದಿದೆ, ನಿನ್ನ ಸರ್ಟಿಫಿಕೇಟು ಅವರ ಕೈಯಲ್ಲಿದೆ ಎಂದಳು. ಆ ಮಾತು ಸುಳ್ಳಲ್ಲ. ಇಷ್ಟು ದಿನವೂ ಅದೇ ಲೆಕ್ಕದಲ್ಲಿ ಬದುಕಿದವಳು ಅವಳು.

ಹುಡುಗಿಯರು ಗೇಟಿನಲ್ಲಿ ಸಾಲು ನಿಂತಿದ್ದರು. ಕಸ್ತೂರಿ ರಾಜೇಶ್ವರಿಯ ಮುಖ ನೋಡಿದಳು. ರಾಜೇಶ್ವರಿಗೆ ಎಲ್ಲಾ ಗೊತ್ತಾಗಿತ್ತು. ಮೂರು ವರ್ಷ ಒಂದೇ ಬಾಟಲಿಗೆ ಬಾಯಿ ಹಚ್ಚಿ ನೀರು ಕುಡಿದವರು ಇಬ್ಬರೂ. ಹೊನವಾಡದಿಂದ ಅವಳ ಅಜ್ಜಿ, ಕಾಕಾ, ಕಾಕೂ, ಒಂದು ಜೀಪು ತುಂಬ ಮಂದಿ ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದರು.

"ಒಂದ ದಿನದ ಮಾತ ಬಿಡ ಲೇ ಕಸ್ತೂರಿ," ಅಂದಳು ರಾಜೇಶ್ವರಿ. "ನಾನೂ ಏನ ಮಾಡ್ಲಿ?"

ಅವಳ ಹಿಂದೆ ಮೃಣಾಲ. ಬ್ಯಾಂಕಿನ ಪ್ರಲ್ಹಾದರಾಯರ ಮಗಳು. ಮೂರು ವರ್ಷ ಬೆಂಚಿನ ಮೇಲೆ ಕೂತು ಮಂದಿಯ ಟವೆಲು ಕಾದ ಹುಡುಗಿ. ತಿಕ್ಕಿದ ಕೊಡ ಉಳಿದವುಗಳಿಗಿಂತ ಹೆಚ್ಚು ಹೊಳೆಯುತ್ತಿತ್ತು. ಅದನ್ನು ಅವಳು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದಳು. ಕಾಯಿ ಅಲುಗಿ ನೀರು ತುಳುಕಿ ಬೂಟಿನ ಮೇಲೆ ಬಿತ್ತು.

ಬ್ಯಾಂಡು ಶುರುವಾಯಿತು.

ತನ್ನಿಂದ ತಂಡದ ದಿನ ಹಾಳಾಗುತ್ತದೇನೋ ಎಂಬ ಯೋಚನೆ ಕಸ್ತೂರಿಗೆ ಬಂತು. ತಾನು ಸಣ್ಣದನ್ನು ದೊಡ್ಡದು ಮಾಡುತ್ತಿದ್ದೇನೇನೋ. ಅರ್ಧ ಆಟ ತಾನೆ. ಹೇಮಂತ ಸರ್ ಎಷ್ಟು ಮಾಡಿದ್ದಾರೆ ತನಗೆ. ಎಲ್ಲಾ ಯೋಚಿಸಿದಳು. ಒಂದೊಂದೂ ಸರಿಯೇ ಅನ್ನಿಸಿತು. ಎಲ್ಲಾ ಸರಿ ಇದ್ದೂ ಕಿವಿಯೊಳಗೆ ಕೊಡ ತಿಕ್ಕುವ ಗಸಗಸ ನಿಲ್ಲಲಿಲ್ಲ. ಬೂದಿ, ಹುಣಸೆಹಣ್ಣು, ಹಿತ್ತಾಳೆ. ಯಾರೋ ಅವಳನ್ನೇ ತಿಕ್ಕುತ್ತಿದ್ದ ಹಾಗೆ.

ಅವಳು ಹಗ್ಗ ಎತ್ತಿ ಕೆಳಗಿನಿಂದ ನುಸುಳಿದಳು.

ಅಂಗಳವನ್ನು ಮುಂಜಾನೆಯೇ ತೊಳೆದು ರಂಗೋಲಿ ಹಾಕಿದ್ದರು. ರಂಗೋಲಿ ತುಳಿಯದಂತೆ ನಡೆದಳು. ನಡುವಿನ ವೃತ್ತಕ್ಕೆ ಹೋಗಿ, ಚೆಂಡು ಎಸೆಯುವ ಜಾಗದಲ್ಲಿ, ಕಾಲು ಮಡಚಿ ಕೂತುಬಿಟ್ಟಳು.

ಬ್ಯಾಂಡಿನವರು ಮೊದಲು ನಿಂತರು. ಹಿಂದೆ ಕೊಡದವರು ನಿಂತರು. ಅವರ ಹಿಂದೆ ತಲೆಗೆ ಬಿಳಿ ಪಟಗ ಸುತ್ತಿದ ಬಸಲಿಂಗಯ್ಯನವರು ನಿಂತರು. ಬ್ಯಾಂಡಿನಲ್ಲಿ ಒಬ್ಬ ಮಾತ್ರ ನೋಡದೆ ಇನ್ನೂ ಸ್ವಲ್ಪ ಊದಿ, ನಾಚಿ ನಿಲ್ಲಿಸಿದ.

ಯಾರಾಕಿ, ಏನಾತಾಕಿಗೆ, ತಲಿಗಿಲಿ ತಿರುಗೇತೇನು ಎಂದು ಕುರ್ಚಿಗಳಲ್ಲಿ ಗುಸುಗುಸು ಎದ್ದಿತು. ಮಂಡಳಿಯ ಇಬ್ಬರು ಗಂಡಸರು ಬಂದರು. ಎದ್ದೇಳು ಅಂದರು. ಅವಳು ಏಳಲಿಲ್ಲ. ಒಬ್ಬ ಬಗ್ಗಿದ. ಹಿಂದಿನಿಂದ ಯಾರೋ, ಕೈ ಹಚ್ಚಬ್ಯಾಡ್ರಿ ಅಂದರು. ಹೆಣ್ಣುಮಗಳೆಂದು ಅಂದರೋ, ಮೊಬೈಲು ಹಿಡಿದು ನಿಂತ ಹುಡುಗರನ್ನು ನೋಡಿ ಅಂದರೋ, ಪೂಜೆ ಇನ್ನೂ ಆಗಿಲ್ಲವೆಂದು ಅಂದರೋ, ಕಸ್ತೂರಿಗೆ ಗೊತ್ತಾಗಲಿಲ್ಲ. ಬಗ್ಗಿದವನು ಮಾತ್ರ ಕೈ ಹಿಂದಕ್ಕೆ ತೆಗೆದುಕೊಂಡ. ಕಾಂಕ್ರೀಟು ಬಿಸಿಲಿಗೆ ಕಾದಿತ್ತು. ತೊಡೆ ಸುಡುತ್ತಿತ್ತು. ಅವಳು ಅಂಗೈ ಊರಿ ಕೂತಳು.

ಹೇಮಂತ ಸರ್ ಓಡಿಬಂದರು. ಅವಸರದಲ್ಲಿ ಮೈಕನ್ನು ಕೈಯಲ್ಲೇ ಹಿಡಿದು ಬಂದಿದ್ದರು. ಅದು ಚಾಲೂ ಇತ್ತು. ಅವರು ಅವಳ ಕಿವಿಯ ಹತ್ತಿರ ಮೆಲ್ಲಗೆ ಅಂದದ್ದು ಕಾಲೇಜಿನ ಗೇಟಿನಾಚೆ, ತಿಕೋಟಾ ರಸ್ತೆಯವರೆಗೆ ಕೇಳಿಸಿತು.

"ಏಳವಾ ತಾಯಿ. ಕೈ ಮುಗೀತೇನಿ. ನನ್ನ ನೌಕರಿ ಐತಿ."

ಯಾರೋ ಕಿಸಕ್ಕೆಂದರು. ಸರ್ ಮುಖ ಕಪ್ಪಿಟ್ಟಿತು. ಮೈಕನ್ನು ಅಂಗೈಯಿಂದ ಮುಚ್ಚಿಕೊಂಡರು. ಅದು ಕುಯ್ಯೆಂದು ಕಿರುಚಿತು. ಕೈ ತೆಗೆದರು.

ಕಸ್ತೂರಿ ತಲೆ ಎತ್ತಿ ನೋಡಿದಳು. ದನಿ ನಡುಗುತ್ತದೆಂದು ಅವಳಿಗೆ ಗೊತ್ತಿತ್ತು. ನಡುಗಲಿ ಅಂದುಕೊಂಡಳು.

"ಏಳ್ತೇನಿ ಸರ್. ನನ್ನ ಯಾಕ ಬಿಟ್ರಿ, ಅಷ್ಟ ಹೇಳಿಬಿಡ್ರಿ. ಮಂದಿ ಮುಂದ ಹೇಳ್ರಿ, ಮೈಕಿನ್ಯಾಗ. ನನ್ನ ಕೊಡ ಯಾಕ ತೊಳೆದ್ರಿ? ಹೇಳ್ರಿ, ನಾ ಎದ್ದ ಊರಿಗೆ ಹೊಕ್ಕೇನಿ. ತಿರುಗಿ ನೋಡಂಗಿಲ್ಲ."

ಮೇಲೆ ಕಟ್ಟಿದ ಬಣ್ಣದ ಕಾಗದ ಮಾತ್ರ ಪರಪರ ಅನ್ನುತ್ತಿತ್ತು.

ಅವಳು ಕೇಳಿದ ಉತ್ತರ ಒಂದು ಸಣ್ಣ ಮಾತು. ಮುಂಜಾನೆಯಿಂದ ಎಲ್ಲರೂ ಅದರ ಪ್ರಕಾರವೇ ನಡೆದಿದ್ದರು. ಅಧ್ಯಕ್ಷರ ಮನೆಯವರು ಫೋನು ಮಾಡಿದ್ದರು, ಸರ್ ತಲೆಯಾಡಿಸಿದ್ದರು, ಮಲಕಾಜಪ್ಪ ಹುಣಸೆಹಣ್ಣು ತಂದಿದ್ದ, ಮೃಣಾಲ ಕೊಡ ಹಿಡಿದಿದ್ದಳು. ಅಷ್ಟೂ ಜನಕ್ಕೆ ಆ ಮಾತು ಗೊತ್ತಿತ್ತು. ಈಗ ಅದನ್ನು ಬಾಯಿಂದ ಹೊರಗೆ ಹಾಕುವವರು ಒಬ್ಬರೂ ಇರಲಿಲ್ಲ. ಬಸಲಿಂಗಯ್ಯನವರು ಪಟಗ ಸರಿಮಾಡಿಕೊಂಡರು. ಐನೋರು ತಮ್ಮ ಕೈಯೊಳಗಿನ ಎಲೆಗಳನ್ನು ಎಣಿಸುವವರಂತೆ ನೋಡುತ್ತಿದ್ದರು. ಆಯ್ಕೆ ಸಮಿತಿಯ ಮೇಡಂ ಮಾತ್ರ ಹೇಮಂತ ಸರ್ ಅವರ ಮುಖವನ್ನೇ ನೋಡುತ್ತಿದ್ದರು.

ಕಡೆಗೆ ಅಧ್ಯಕ್ಷರು, ಆಕಿ ಕುಂತಲ್ಲೇ ಕುಂಡ್ರಲಿ, ಪೂಜಾ ಗೇಟಿನಾಗ ಮುಗಸ್ರಿ, ಆಟ ಹಿಂದಿನ ಮೈದಾನದಾಗ ಆಡಸ್ರಿ ಅಂದರು. ಮಂದಿ ಅಲುಗಾಡಿದರು. ಕುರ್ಚಿ ಎತ್ತುವ ಸದ್ದು ಬಂತು. ರಾಜೇಶ್ವರಿ ತನ್ನ ಕೊಡವನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಳು, ಮುಂದೆ ಹೋಗಲೂ ಇಲ್ಲ, ಹಿಂದೆ ತಿರುಗಲೂ ಇಲ್ಲ.

ಮೃಣಾಲ ಕೊಡವನ್ನು ನೆಲಕ್ಕಿಟ್ಟಳು.

"ನಾ ಆಡಂಗಿಲ್ಲರಿ ಸರ್," ಅಂದಳು. ಅಳು ಬಂದಿತ್ತು ಅವಳಿಗೆ. "ಆಕಿ ಜಾಗಾದಾಗ ನನಗ ಆಡಾಕ ಬರಂಗಿಲ್ಲ."

ಧೈರ್ಯದಿಂದ ಅಂದಳೋ ಹೆದರಿ ಅಂದಳೋ. ಚೆಂಡು ಒಯ್ಯಲು ಅವಳಿಗೆ ಬರುತ್ತಿರಲಿಲ್ಲ, ಅದಂತೂ ನಿಜ. ಕೊಡ ಒಯ್ಯಲು ಬರುತ್ತದೆಂದು ಎಲ್ಲರೂ ಅಂದುಕೊಂಡಿದ್ದರು. ಅವಳ ಅಪ್ಪ ಕುರ್ಚಿಯಿಂದ ಎದ್ದು ಕೈಸನ್ನೆ ಮಾಡಿದರು. ಅವಳು ಆ ಕಡೆ ನೋಡದೆ ದುಪ್ಪಟ್ಟಾ ತೆಗೆದು ಕೊಡದ ಮೇಲೆ ಹಾಕಿದಳು.

ಉಳಿದವರು ನಾಲ್ವರು. ಬೆಂಚಿನ ಮೇಲೆ ಬೇರೆ ಆಳು ಇರಲಿಲ್ಲ. ಐವರು ನಿಲ್ಲದೆ ಈ ಆಟ ಶುರುವಾಗುವುದಿಲ್ಲ, ಹಿಂದಿನ ಮೈದಾನದಲ್ಲಿ ಆಡಿಸಿದರೂ ಅಷ್ಟೆ. ಎದುರು ತಂಡದ ಹುಡುಗಿಯರು ಚೆಂಡು ಪುಟಿಸುವುದನ್ನು ಬಿಟ್ಟು ನೋಡುತ್ತಿದ್ದರು. ರೆಫರಿ ಗಡಿಯಾರ ನೋಡಿದ. ಮೇಡಂ ಜಮಖಂಡಿಯ ಮಾತೆತ್ತಿದರು. ಅಧ್ಯಕ್ಷರು ಹೇಮಂತ ಸರ್ ಕಡೆ ನೋಡಿ ಒಮ್ಮೆ ಗೋಣು ಆಡಿಸಿದರು. ಮುಗಿಸು ಇದನ್ನು ಎಂಬಂತೆ.

ಹೇಮಂತ ಸರ್ ಮೈಕನ್ನು ಬಾಯಿಯ ಹತ್ತಿರ ತಂದರು. ಉಗುಳು ನುಂಗಿದರು. ಅದೂ ಕೇಳಿಸಿತು.

"ನಮ್ಮ ತಂಡದ ಮೊದಲ ಐವರು," ಎಂದರು, ಸಮಾರಂಭದ ದನಿಯಲ್ಲಿ. ರಾಜೇಶ್ವರಿಯ ಹೆಸರು ಹೇಳಿದರು. ಅನುಜಾ ಹೆಸರು ಹೇಳಿದರು. ಇನ್ನಿಬ್ಬರದು ಹೇಳಿದರು.

"ಐದನೆಯವರು, ಕಸ್ತೂರಿ ಮಾದರ."

ಚಪ್ಪಾಳೆ ಬಿತ್ತು. ಜೋರಾಗಿಯೇ ಬಿತ್ತು. ಊಟಕ್ಕೆ ತಡವಾಗುತ್ತಿದ್ದವರ ಚಪ್ಪಾಳೆ, ಪೀಡೆ ಕಳೆಯಿತು ಎಂಬ ಚಪ್ಪಾಳೆ. ಮಂಡಳಿಯ ಗಂಡಸರೂ ತಟ್ಟಿದರು. ಮೇಡಂ ಕುರ್ಚಿಗೆ ಒರಗಿ ಪೆನ್ನು ತೆಗೆದರು. ರಾಜೇಶ್ವರಿ ಅಳುಮುಖದಲ್ಲೇ ನಕ್ಕು, ಬಾ ಬಾ ಎಂದು ಕೈ ಮಾಡಿದಳು.

ಜಾಗ ಸಿಕ್ಕಿತು. ಮೂರು ವರ್ಷ ಕಲ್ಲಿನ ಮೇಲೆ ಚೆಂಡು ಪುಟಿಸಿದ್ದು ಇದಕ್ಕೇ. ಬೂಟು ಕಾಲಲ್ಲೇ ಇತ್ತು. ಇನ್ನು ಎದ್ದರೆ ಆಯಿತು. ಅವಳು ಏಳಲು ಹೋದದ್ದೂ ನಿಜ. ಒಂದು ಮಂಡಿ ನೆಲ ಬಿಟ್ಟು ಮೇಲಕ್ಕೆ ಬಂದಿತ್ತು. ಅಲ್ಲಿಂದ ಬೇವಿನ ಗಿಡದ ಬುಡ ಕಂಡಿತು. ಇಷ್ಟು ಬಿಸಿಲಿಗೂ ಆ ನೆಲ ಇನ್ನೂ ಹಸಿಯಾಗಿತ್ತು. ಅವಳ ಎಲೆಗಳು ಅಲ್ಲೇ ಇದ್ದವು.

ಮಂಡಿ ಮತ್ತೆ ಕೆಳಗೆ ಬಂತು.

"ಅದಲ್ಲರಿ ಸರ್ ನಾ ಕೇಳಿದ್ದು," ಅಂದಳು.

ಚಪ್ಪಾಳೆ ಒಂದೊಂದಾಗಿ ನಿಂತಿತು. ಹೇಮಂತ ಸರ್ ಕೈಯಲ್ಲಿ ಮೈಕು ಹಾಗೇ ಇತ್ತು. ಅದನ್ನು ಬಾಯಿಗೂ ಒಯ್ಯಲಿಲ್ಲ, ಕೆಳಗೂ ಇಳಿಸಲಿಲ್ಲ.

ರಸ್ತೆಯ ಮೇಲೆ ಹನ್ನೆರಡರ ಬಸ್ಸು ಹಾರ್ನು ಹಾಕುತ್ತ ಹೋಯಿತು. ಹಗ್ಗದ ಆಚೆ ದ್ಯಾಮವ್ವ ಅದರ ಕಡೆ ನೋಡಲಿಲ್ಲ. ಹೆಗಲಿನ ಕೈಚೀಲ ತೆಗೆದು ನೆಲಕ್ಕಿಟ್ಟಳು. ಲಗ್ನದ ಸೀರೆ ಮಣ್ಣಾಗುತ್ತದೆಂದು ನೋಡದೆ, ಅಲ್ಲೇ, ಬಿಸಿಲಲ್ಲೇ, ಕೂತಳು.